ಆಜಾದ್ ಮೈದಾನಕ್ಕೆ ಹೋಗುವ ಮೊದಲು, ಹೋಗಿ ಬಂದ ಮೇಲೆ

ಮುಂಬಯಿಯಲ್ಲಿ ಸರ್ಕಾರದ ಕಿವಿಗೆ ಏನಾದರೂ ಮುಟ್ಟಿಸಬೇಕೆಂದರೆ ಹೋಗಬೇಕಾದದ್ದು ಆಜಾದ್ ಮೈದಾನಕ್ಕೆ. ಹಿಂದೆ ಮೋರ್ಚಾಗಳು ಕಾಳಾ ಘೋಡಾದವರೆಗೆ, ರಾಜ್ಯ ಸಚಿವಾಲಯವಾದ ಮಂತ್ರಾಲಯದ ಆಸುಪಾಸಿನವರೆಗೆ ಬರುತ್ತಿದ್ದವು. ನರೀಮನ್ ಪಾಯಿಂಟ್, ಚರ್ಚ್‌ಗೇಟ್ ಕಡೆಯ ನಿವಾಸಿಗಳು ಗದ್ದಲದ ದೂರು ಹಿಡಿದು 1997ರಲ್ಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ದಕ್ಷಿಣ ಮುಂಬಯಿಯ ಧರಣಿ, ಉಪವಾಸ, ಸಭೆಗಳೆಲ್ಲ ಈ ಮೈದಾನದ ಒಂದು ಪಾಲಿಗೆ ಬಂದು ಸೇರಿದವು. ನನ್ನ ಆಫೀಸು ಫೋರ್ಟಿನಲ್ಲಿ. ಸಿಎಸ್‌ಎಂಟಿ ರೈಲು ನಿಲ್ದಾಣದಲ್ಲಿ ಇಳಿದು ಸಬ್‌ವೇ ದಾಟಿ ಆ ಕಡೆ ನಡೆದರೆ ಒಂದು ಬದಿಗೆ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ, ಇನ್ನೊಂದು ಬದಿಗೆ ಶಾಮಿಯಾನದ ಕೆಳಗೆ ಯಾರಾದರೂ ಕೂತೇ ಇರುತ್ತಾರೆ. ಅನುದಾನ ಸಿಗದ ಶಾಲೆಗಳ ಶಿಕ್ಷಕರು, ಅಂಗನವಾಡಿಯ ಸೇವಿಕೆಯರು, 2021ರ ಕೊನೆಯಿಂದ ತಿಂಗಳುಗಟ್ಟಲೆ ಕೂತಿದ್ದ ರಾಜ್ಯ ಸಾರಿಗೆಯ ಎಸ್‌ಟಿ ಬಸ್ಸಿನ ನೌಕರರು. 2018ರ ಮಾರ್ಚಿನಲ್ಲಿ ನಾಸಿಕದಿಂದ ಸುಮಾರು 180 ಕಿಲೋಮೀಟರ್ ನಡೆದು ಬಂದ ರೈತರು, ಹತ್ತನೇ ಕ್ಲಾಸಿನ ಮಕ್ಕಳ ಪರೀಕ್ಷೆಗೆ ತೊಂದರೆಯಾಗಬಾರದೆಂದು ರಾತ್ರೋರಾತ್ರಿ ಊರು ದಾಟಿ ಬಂದು ಸೇರಿದ್ದೂ ಇಲ್ಲಿಗೇ.

ಈ ಶಾಮಿಯಾನಗಳ ಕೆಳಗೆ ಕನ್ನಡ ಕಿವಿಗೆ ಬೀಳುವುದು ಅಪರೂಪವೇನಲ್ಲ. ಕ್ಯಾಂಟೀನು, ಹೋಟೆಲು, ಆಸ್ಪತ್ರೆಯ ಗುತ್ತಿಗೆ ಕೆಲಸ, ಕೊರಿಯರ್ ಗೋಡೌನು, ಎಲ್ಲ ಕಡೆಯೂ ನಮ್ಮ ಜನ ಇದ್ದಾರೆ. ಆದರೆ ಮೋರ್ಚಾಕ್ಕೆ ಬಾ ಎಂದು ಯಾರಾದರೂ ಕರೆದರೆ ನಮ್ಮವರ ಮುಖದಲ್ಲಿ ಒಂದು ಹಿಂಜರಿಕೆ ಮೂಡುತ್ತದೆ. ಅದು ಲಾಠಿಯ ಹೆದರಿಕೆಯಲ್ಲ. ಪಾಸ್‌ಪೋರ್ಟಿಗೆ ಪೊಲೀಸರು ವಿಚಾರಣೆಗೆ ಬಂದಾಗ ಏನು ಹೇಳುತ್ತಾರೋ, ದುಬೈ, ಕುವೈತಿನ ಕೆಲಸ ತಪ್ಪಿಹೋದರೆ ಏನು ಗತಿ, ಹೋಟೆಲಿನ ಧಣಿಗೆ ಗೊತ್ತಾದರೆ ಮಲಗುವ ಜಾಗವೂ ಹೋಗುತ್ತದಲ್ಲ, ಊರಲ್ಲಿ ಟಿವಿ ನೋಡುವ ಅಮ್ಮ ಗಾಬರಿಯಾಗುತ್ತಾಳಲ್ಲ ಎಂಬ ಲೆಕ್ಕಾಚಾರ. ಈ ಹೆದರಿಕೆಯನ್ನು ಹೇಡಿತನ ಅಂತ ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆಡುವವರ ಹಿಂದೆ ಸ್ವಂತ ಮನೆ, ಪರ್ಮನೆಂಟ್ ನೌಕರಿ ಇರುತ್ತದೆ. ಕೇಳಿಸಿಕೊಳ್ಳುವವನಿಗೆ ಅಡುಗೆಮನೆಯ ಮೇಲಿನ ಅಟ್ಟವೇ ಮನೆ.

ನಮ್ಮ ಕನ್ನಡ ಸಂಘದಲ್ಲಿ ಒಬ್ಬ ಹಿರಿಯರಿದ್ದಾರೆ. ಹುಡುಗನಾಗಿ ಕ್ಯಾಂಟೀನಿಗೆ ಸೇರಿ, ಕನ್ನಡದ ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರು. ಮೋರ್ಚಾಕ್ಕೆ ಹೋಗುವವರು ಫೋನನ್ನು ಹೇಗೆ ಇಟ್ಟುಕೊಳ್ಳಬೇಕು ಅಂತ ನಾನೊಮ್ಮೆ ಸಂಘದಲ್ಲಿ ಮಾತು ತೆಗೆದಾಗ ಅವರು ಬೇಜಾರು ಮಾಡಿಕೊಂಡರು. "ನೋಡಮ್ಮಾ, ತಪ್ಪು ಮಾಡದವನು ಯಾಕೆ ಮುಚ್ಚಿಡಬೇಕು? 1974ರಲ್ಲಿ ರೈಲು ನಿಲ್ಲಿಸಿದಾಗ ನಮ್ಮ ಜಾರ್ಜ್ ಮುಖ ಮುಚ್ಚಿಕೊಂಡಿದ್ರಾ?" ಅಂದರು. ಜಾರ್ಜ್ ಫೆರ್ನಾಂಡಿಸ್ ಹೆಸರು ಬಂದರೆ ಮಂಗಳೂರು ಕಡೆಯಿಂದ ಬಂದ ಆ ತಲೆಮಾರಿನವರ ದನಿಯೇ ಬೇರೆಯಾಗುತ್ತದೆ, ಆಗಬೇಕಾದದ್ದೇ. ಈ ಊರಿನ ಟ್ಯಾಕ್ಸಿಯವರನ್ನು, ಹೋಟೆಲ್ ಕಾರ್ಮಿಕರನ್ನು ಒಟ್ಟುಗೂಡಿಸಿದ ಮನುಷ್ಯ. ಆದರೆ ಅದೇ ಜಾರ್ಜ್ ಮುಂದಿನ ವರ್ಷ ತುರ್ತು ಪರಿಸ್ಥಿತಿ ಬಂದಾಗ ಗಡ್ಡ ಬಿಟ್ಟು, ಪೇಟ ಸುತ್ತಿ, ಸಿಖ್ಖರ ವೇಷದಲ್ಲಿ ತಲೆಮರೆಸಿಕೊಂಡು ಓಡಾಡಿದರು. 1976ರ ಜೂನಿನಲ್ಲಿ ಕಲ್ಕತ್ತೆಯಲ್ಲಿ ಸಿಕ್ಕಿಬೀಳುವವರೆಗೂ ಅವರು ಎಲ್ಲಿದ್ದಾರೆಂದು ತಿಳಿಯಲು ಬೆಂಗಳೂರಿನಲ್ಲಿ ಅವರ ತಮ್ಮ ಲಾರೆನ್ಸ್ ಅವರನ್ನು ಹಿಡಿದು ಚಿತ್ರಹಿಂಸೆ ಕೊಟ್ಟರು. ಒಬ್ಬನ ಸುಳಿವು ಹುಡುಕುವವರ ಕೈ ಮೊದಲು ಬೀಳುವುದು ಅವನ ಹತ್ತಿರದವರ ಮೇಲೆ. ಹಿರಿಯರು ಇದನ್ನು ಮರೆತಿರಲಿಲ್ಲ, ಸುಮ್ಮನೆ ತಲೆಯಾಡಿಸಿದರು.

ಈ ನಗರದ ಚರಿತ್ರೆಯಲ್ಲಿ ಎರಡು ದಾರಿಯೂ ಇವೆ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1930ರಲ್ಲಿ ಉಪ್ಪಿನ ಪೊಟ್ಟಣ ಹಿಡಿದು ಬಾಂಬೆ ಸ್ಟಾಕ್ ಎಕ್ಸ್‌ಚೇಂಜಿನೊಳಗೇ ನುಗ್ಗಿ ಎಲ್ಲರೆದುರು ಮಾರಿ ಜೈಲಿಗೆ ಹೋದರು. ಮುಖ ತೋರಿಸುವುದೇ ಅವರ ಮಾತಾಗಿತ್ತು. 1942ರ ಆಗಸ್ಟಿನಲ್ಲಿ ಗೋವಾಲಿಯಾ ಟ್ಯಾಂಕ್ ಮೈದಾನದಿಂದ ಚಲೇಜಾವ್ ಕರೆ ಹೊರಟು ನಾಯಕರೆಲ್ಲ ಬಂಧನವಾದ ಮೇಲೆ, 22 ವರ್ಷದ ಉಷಾ ಮೆಹ್ತಾ ಮತ್ತು ಗೆಳೆಯರು ಗುಟ್ಟಾಗಿ ಕಾಂಗ್ರೆಸ್ ರೇಡಿಯೋ ನಡೆಸಿದರು. ಆಗಸ್ಟ್ 27ರಿಂದ ನವೆಂಬರ್ 12ರವರೆಗೆ, ಮತ್ತೆ ಮತ್ತೆ ಜಾಗ ಬದಲಿಸುತ್ತಾ. ಪೊಲೀಸರ ವ್ಯಾನು ಅಲೆ ಹೊರಡುವ ದಿಕ್ಕನ್ನು ಹಿಡಿದು ಬೀದಿ ಬೀದಿ ಸುತ್ತುತ್ತಿತ್ತು. ಕೊನೆಗೆ ಅವರು ಸಿಕ್ಕಿದ್ದು ಒಳಗಿನ ತಂತ್ರಜ್ಞನೊಬ್ಬ ಬಾಯಿಬಿಟ್ಟದ್ದರಿಂದ. ಕಮಲಾದೇವಿಯವರ ದಾರಿ ದೊಡ್ಡದು, ಉಷಾ ಮೆಹ್ತಾರದ್ದು ಸಣ್ಣದು ಅಂತ ಯಾರೂ ಹೇಳುವುದಿಲ್ಲ. ನನ್ನ ಮಟ್ಟಿಗೆ ಇದರಲ್ಲಿ ನೋಡಬೇಕಾದದ್ದು ಒಂದೇ: ತನ್ನ ಮುಖ ತೋರಿಸುತ್ತೇನೆ ಎಂಬ ನಿರ್ಧಾರ ಕಮಲಾದೇವಿಯವರು ತಾವೇ ತೆಗೆದುಕೊಂಡದ್ದು. ಪಕ್ಕದಲ್ಲಿ ನಿಂತವರ ಪರವಾಗಿ ಆ ನಿರ್ಧಾರ ಮಾಡುವ ಹಕ್ಕು ನನಗೂ ಇಲ್ಲ, ನಿಮಗೂ ಇಲ್ಲ. ಇವತ್ತು ನಾವು ಎಡವುತ್ತಿರುವುದು ಅಲ್ಲಿ.

ಹೋದ ವರ್ಷ ಅಕ್ಕನ ಮಗ ಮೊದಲ ಸಲ ಧರಣಿಗೆ ಹೊರಟ. ಗುತ್ತಿಗೆ ಕೆಲಸ, ಸಂಬಳ ಬಾಕಿ. "ಚಿಕ್ಕಮ್ಮಾ, ಹೋಗಲಾ?" ಅಂತ ಫೋನ್ ಮಾಡಿದ್ದ. ಹೋಗು, ಆದರೆ ಹಿಂದಿನ ರಾತ್ರಿ ಊಟಕ್ಕೆ ಬಾ ಅಂದೆ. ಡೊಂಬಿವಿಲಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ, ತಟ್ಟೆ ಎತ್ತಿದ ಮೇಲೆ, ಅವನ ಫೋನನ್ನು ನಡುವೆ ಇಟ್ಟುಕೊಂಡು ಇಬ್ಬರೂ ಕೂತೆವು.

ಮೊದಲು ಅವನಿಗೆ ಹೇಳಿದ್ದು, ಫೋನು ಸುಮ್ಮನೆ ಕಿಸೆಯಲ್ಲಿದ್ದರೂ ಮಾತಾಡುತ್ತಲೇ ಇರುತ್ತದೆ ಅಂತ. ಉಷಾ ಮೆಹ್ತಾರನ್ನು ಹುಡುಕಲು ವ್ಯಾನು ಬೇಕಿತ್ತು. ಈಗ ಪ್ರತಿಯೊಬ್ಬರ ಫೋನೂ ಹತ್ತಿರದ ಟವರಿಗೆ ನಾನಿಲ್ಲಿದ್ದೇನೆ ಅಂತ ತಾನಾಗಿ ಹೇಳುತ್ತಿರುತ್ತದೆ. ಯಾವ ಹೊತ್ತಿನಲ್ಲಿ ಯಾವ ನಂಬರು ಯಾವ ಟವರಿನ ಕೆಳಗಿತ್ತು ಎಂಬ ದಾಖಲೆ ಕಂಪನಿಗಳ ಹತ್ತಿರ ಉಳಿಯುತ್ತದೆ. ಕರೆಗಳ ವಿವರಗಳನ್ನು ಕನಿಷ್ಠ ಎರಡು ವರ್ಷ ಇಡಬೇಕೆಂದು ಸರ್ಕಾರ 2021ರ ಡಿಸೆಂಬರಿನಲ್ಲಿ ಲೈಸೆನ್ಸಿನ ನಿಯಮ ಬದಲಿಸಿತು. ತನಿಖೆಯವರು ಒಂದು ಟವರಿನ ಕೆಳಗೆ ಒಂದು ಗಂಟೆಯಲ್ಲಿದ್ದ ನಂಬರುಗಳನ್ನೆಲ್ಲ ಒಟ್ಟಿಗೆ ತರಿಸಿಕೊಳ್ಳಬಹುದು. ಆ ಪಟ್ಟಿಯಲ್ಲಿ ಧರಣಿಗೆ ಬಂದವನೂ ಇರುತ್ತಾನೆ, ಸಿಎಸ್‌ಎಂಟಿಯಲ್ಲಿ ಗಾಡಿ ಹಿಡಿಯಲು ಓಡುತ್ತಿದ್ದವನೂ ಇರುತ್ತಾನೆ. ಹಾಗಾಗಿ ಅತಿ ಗಟ್ಟಿಯಾದ ಉಪಾಯ ಫೋನನ್ನು ಮನೆಯಲ್ಲೇ ಬಿಡುವುದು. ಆದರೆ ಈ ಊರಿನಲ್ಲಿ ಅದನ್ನು ಎಲ್ಲರಿಗೂ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಗಾಡಿ ನಿಂತರೆ, ಯಾರಿಗಾದರೂ ಪೆಟ್ಟಾದರೆ, ವಶಕ್ಕೆ ತೆಗೆದುಕೊಂಡರೆ ಮನೆಗೆ ತಿಳಿಸಲು ಅದೇ ಬೇಕು. ಒಯ್ಯುವುದಾದರೆ ಏರೋಪ್ಲೇನ್ ಮೋಡಿಗೆ ಹಾಕಿ, ವೈ-ಫೈ, ಬ್ಲೂಟೂತ್, ಲೊಕೇಶನ್ ಆರಿಸಿ ಒಯ್ಯಲಿ, ಬೇಕಾದಾಗ ತೆರೆಯಲಿ ಎಂಬುದು ನನ್ನ ಅಭಿಪ್ರಾಯ. ಲೊಕೇಶನ್ ಬೇರೆಯಾಗಿ ಆರಿಸಬೇಕು. ಏರೋಪ್ಲೇನ್ ಮೋಡಿನಲ್ಲೂ ಜಿಪಿಎಸ್ ಕೆಲಸ ಮಾಡಬಲ್ಲದು, ಆಮೇಲೆ ನೆಟ್ ಬಂದಾಗ ಹೋದ ದಾರಿಯೆಲ್ಲ ಮ್ಯಾಪಿನ ಖಾತೆಗೆ ಸೇರಿಬಿಡಬಹುದು.

ಆಮೇಲೆ ಬೀಗದ ವಿಷಯ. ಅವನದ್ದು ಬೆರಳಿಟ್ಟರೆ ತೆರೆಯುವ ಫೋನು. ಅದನ್ನು ಆ ದಿನದ ಮಟ್ಟಿಗೆ ತೆಗೆಸಿ ಆರಂಕಿಗಿಂತ ಉದ್ದದ ಪಾಸ್‌ವರ್ಡ್ ಹಾಕಿಸಿದೆ. ಬೆರಳನ್ನು, ಮುಖವನ್ನು ಯಾರಾದರೂ ಹಿಡಿದು ಫೋನಿಗೆ ಒತ್ತಬಹುದು, ತಲೆಯೊಳಗಿನ ಅಂಕಿಯನ್ನು ಹಾಗೆ ಒತ್ತಲಾಗುವುದಿಲ್ಲ. ಕಾನೂನಿನಲ್ಲೂ ಈ ಎರಡರ ನಡುವೆ ವ್ಯತ್ಯಾಸವಿದೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಒತ್ತಾಯಿಸಬಾರದೆಂದು ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. ಬೆರಳಚ್ಚು ಕೊಡುವುದು ಆ ರೀತಿಯ ಸಾಕ್ಷಿಯಲ್ಲ ಎಂದು ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳು 1961ರಲ್ಲೇ, ಬಾಂಬೆ ರಾಜ್ಯದ ಮೊಕದ್ದಮೆಯೊಂದರಲ್ಲಿ, ತೀರ್ಮಾನಿಸಿದ್ದಾರೆ. ಪಾಸ್‌ವರ್ಡಿನ ಬಗ್ಗೆ ನ್ಯಾಯಾಲಯಗಳು ಒಂದೇ ಮಾತು ಹೇಳಿಲ್ಲ. ಕೋರ್ಟು ಆದೇಶಿಸಿದರೆ ಕೊಡಬೇಕಾಗುತ್ತದೆ ಎಂಬ ಕಡೆಗೆ ಕರ್ನಾಟಕ ಹೈಕೋರ್ಟು 2021ರಲ್ಲಿ ವಾಲಿತು, ದಿಲ್ಲಿಯ ವಿಶೇಷ ನ್ಯಾಯಾಲಯವೊಂದು ಮರುವರ್ಷ ಬೇರೆ ನಿಲುವು ತಳೆಯಿತು. ಅದೇನೇ ಇರಲಿ, ಬೀದಿಯಲ್ಲಿ ನಿಂತ ಪೇದೆ ಕೇಳಿದ ಮಾತ್ರಕ್ಕೆ ಬೀಗ ತೆಗೆದು ಕೊಡಬೇಕಾಗಿಲ್ಲ. ಹಾಗಂತ ಫೋನು ಹಿಡಿದು ಜಗ್ಗಾಡಲೂಬಾರದು. "ನನ್ನ ಒಪ್ಪಿಗೆ ಇಲ್ಲ ಸಾಹೇಬ್ರೆ, ಜಪ್ತಿ ಮಾಡುವುದಾದರೆ ಪಂಚನಾಮೆ ಮಾಡಿ ಪ್ರತಿ ಕೊಡಿ" ಅಂತ ಮೆತ್ತಗೆ ಹೇಳಬೇಕು ಅಂದೆ. ಹುಡುಗ ಅದನ್ನು ಹಿಂದಿಯಲ್ಲೂ ಮರಾಠಿಯಲ್ಲೂ ನಾಲ್ಕಾರು ಸಲ ಹೇಳಿ ನೋಡಿದ.

ಪರದೆಯ ಮೇಲೆ ಮೆಸೇಜು ಕಾಣುವುದನ್ನು ನಿಲ್ಲಿಸಿದೆವು. ಬೀಗ ಹಾಕಿದ ಫೋನಿನ ಮೇಲೂ "ಅಣ್ಣ, ನಾನು ಗೇಟಿನ ಹತ್ತಿರ ಇದ್ದೇನೆ" ಅಂತ ಹೆಸರು ಸಮೇತ ಕಾಣುತ್ತದಲ್ಲ. ವಾಟ್ಸಾಪಿನ ಮಾತುಕತೆ ದಾರಿಯಲ್ಲಿ ಯಾರಿಗೂ ಓದಲು ಸಿಗದಿದ್ದರೂ ಅದರ ಬ್ಯಾಕಪ್ ಗೂಗಲ್ ಡ್ರೈವಿನಲ್ಲಿ ಬೀಗವಿಲ್ಲದೆ ಕೂತಿರಬಹುದು. ಬ್ಯಾಕಪ್ಪಿಗೂ ಎನ್‌ಕ್ರಿಪ್ಶನ್ ಎಂಬ ಬೀಗ ಹಾಕುವ ಸೌಲಭ್ಯ 2021ರಿಂದ ಇದೆ, ನಾವೇ ಹುಡುಕಿ ಆನ್ ಮಾಡಬೇಕು, ಅಷ್ಟೆ. ದೊಡ್ಡ ತಲೆನೋವು ಧರಣಿಗೆಂದು ಮಾಡಿದ ಗುಂಪು. ಅದಕ್ಕೆ ಸೇರಿದ ನೂರಾರು ಜನರ ನಂಬರು ಒಬ್ಬರದೊಬ್ಬರಿಗೆ ಬಯಲು. ಯಾರೋ ಒಬ್ಬನ ಫೋನು ಬೇರೆಯವರ ಕೈಗೆ ಸಿಕ್ಕರೆ ಎಲ್ಲರ ಪಟ್ಟಿ ಸಿಕ್ಕಂತೆ. ಸಿಗ್ನಲ್ ಆ್ಯಪಿನಲ್ಲಿ 2024ರಿಂದ ನಂಬರು ತೋರಿಸದೆ ಬಳಕೆಯ ಹೆಸರಿನಲ್ಲೇ ಮಾತಾಡಬಹುದು, ಮೆಸೇಜು ಒಂದು ದಿನಕ್ಕೋ ವಾರಕ್ಕೋ ತಾನಾಗಿ ಅಳಿಯುವಂತೆಯೂ ಇಡಬಹುದು. ಆದರೆ ಬೇರೆಯವರು ಸ್ಕ್ರೀನ್‌ಶಾಟ್ ತೆಗೆದರೆ ಯಾವ ಆ್ಯಪೂ ಕಾಯುವುದಿಲ್ಲ. ಹಾಗಾಗಿ ಇಷ್ಟು ಜನ ಬರುತ್ತಾರೆ, ಇಂಥವರು ಬರುತ್ತಾರೆ ಎಂಬುದನ್ನೆಲ್ಲ ಬರೆದು ಕಳಿಸುವ ಅಭ್ಯಾಸವನ್ನೇ ಬಿಡಬೇಕು. ಬಾಯಲ್ಲಿ ಹೇಳಿದರೆ ಸಾಕಾದದ್ದು ಬಾಯಲ್ಲೇ ಇರಲಿ.

ಯುಪಿಐ ಬಗ್ಗೆ ಅವನಿಗೆ ಹೊಳೆದೇ ಇರಲಿಲ್ಲ. ಮೈದಾನದ ಹೊರಗೆ ವಡಾಪಾವ್ ತಿಂದು ಸ್ಕ್ಯಾನ್ ಮಾಡಿದರೆ ಹೊತ್ತು, ಜಾಗ, ಹೆಸರು ಎಲ್ಲ ದಾಖಲಾಗುತ್ತದೆ. ಗೆಳೆಯರಿಗೆ ಬ್ಯಾನರಿನ ದುಡ್ಡು ಕಳಿಸುವಾಗ ಟಿಪ್ಪಣಿಯಲ್ಲಿ "ಮೋರ್ಚಾ" ಅಂತ ಬರೆಯುವವರೂ ಇದ್ದಾರೆ. ಕಿಸೆಯಲ್ಲಿ ನೂರರ ನಾಲ್ಕು ನೋಟು, ಚಿಲ್ಲರೆ, ಕಿಟಕಿಯಲ್ಲಿ ತೆಗೆದ ರಿಟರ್ನ್ ಟಿಕೆಟ್. ಇಷ್ಟಾದರೆ ಆಯಿತು.

ಇನ್ನು ಮುಖ. ಮುಂಬಯಿ ಪೊಲೀಸರ ನಗರ ಕಾವಲು ಯೋಜನೆ 26/11ರ ದಾಳಿಯ ನಂತರ ಹುಟ್ಟಿ 2016ರಲ್ಲಿ ಪೂರ್ತಿಯಾದಾಗಲೇ ಬೀದಿಗಳಲ್ಲಿ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಕ್ಯಾಮರಾಗಳಿದ್ದವು. ಬೆರಳಚ್ಚು, ಕಣ್ಣಿನ ಪಾಪೆ, ಮುಖ ಮೂರನ್ನೂ ಹೋಲಿಸಿ ಆರೋಪಿಗಳನ್ನು ಗುರುತಿಸುವ ಆಂಬಿಸ್ ಎಂಬ ವ್ಯವಸ್ಥೆಯೂ ಮಹಾರಾಷ್ಟ್ರ ಪೊಲೀಸರ ಹತ್ತಿರ ಇದೆ. ದಿಲ್ಲಿ ಗಲಭೆಯ ವಿಡಿಯೋಗಳನ್ನು ಮತದಾರರ ಚೀಟಿ, ಡ್ರೈವಿಂಗ್ ಲೈಸೆನ್ಸಿನ ಚಿತ್ರಗಳ ಜತೆ ಹೋಲಿಸಿ 1,100ಕ್ಕೂ ಹೆಚ್ಚು ಜನರನ್ನು ಗುರುತಿಸಿದ್ದೇವೆಂದು ಗೃಹ ಸಚಿವರು 2020ರ ಮಾರ್ಚಿನಲ್ಲಿ ಸಂಸತ್ತಿನಲ್ಲೇ ಹೇಳಿದರು. ಮತ ಹಾಕಲು ಕೊಟ್ಟ ಫೋಟೋ, ಗಾಡಿ ಓಡಿಸಲು ಕೊಟ್ಟ ಫೋಟೋ ಬೇರೊಂದು ಕೆಲಸಕ್ಕೆ ಬಳಕೆಯಾಯಿತು.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಲೇಬೇಕು. ಕ್ಯಾಮರಾದಿಂದ ಒಳ್ಳೆಯದೂ ಆಗಿದೆ. 2012ರ ಆಗಸ್ಟ್ 11ರಂದು ಇದೇ ಆಜಾದ್ ಮೈದಾನದ ಸಭೆ ಗಲಭೆಗೆ ತಿರುಗಿ ಇಬ್ಬರು ಸತ್ತರು, ಮಹಿಳಾ ಪೇದೆಗಳ ಮೈಮೇಲೆ ಕೈ ಹಾಕಿದರು, ಅಮರ್ ಜವಾನ್ ಸ್ಮಾರಕ ಒಡೆದರು. ಒಡೆದವರನ್ನು ಹಿಡಿಯಲು ಆವತ್ತಿನ ಚಿತ್ರಗಳು ನೆರವಾದವು. ಅದು ಸರಿಯೇ. ಕಲ್ಲು ಎಸೆದವನನ್ನು ಹುಡುಕುವುದು ಬೇರೆ, ಕೂತು ಘೋಷಣೆ ಕೂಗಿದ ಎಲ್ಲರ ಮುಖಪಟ್ಟಿ ಮಾಡಿ ಇಟ್ಟುಕೊಳ್ಳುವುದು ಬೇರೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಕ್ಕೊರಲಿನಿಂದ ಹೇಳಿದರು. ಆ ಹಕ್ಕಿಗಾಗಿ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ವಯಸ್ಸಿನಲ್ಲಿ. ಆ ತೀರ್ಪಿನ ಪ್ರಕಾರ ಸರ್ಕಾರ ನಮ್ಮ ಖಾಸಗಿತನಕ್ಕೆ ಕೈ ಹಾಕಬೇಕಾದರೆ ಕಾನೂನಿನ ಆಧಾರ ಬೇಕು, ನ್ಯಾಯವಾದ ಉದ್ದೇಶ ಬೇಕು, ಆ ಉದ್ದೇಶಕ್ಕೆ ತಕ್ಕಷ್ಟೇ ಬಳಕೆ ಇರಬೇಕು. ಮುಖ ಗುರುತಿಸುವ ಯಂತ್ರಗಳಿಗೆಂದೇ ಮಾಡಿದ ಕಾಯ್ದೆ ಇನ್ನೂ ನಮ್ಮಲ್ಲಿಲ್ಲ.

ಆದರೆ ಸರ್ಕಾರದ ಕ್ಯಾಮರಾಗಿಂತ ಹೆಚ್ಚು ಹಾನಿ ಮಾಡುತ್ತಿರುವುದು ನಮ್ಮ ಕೈಯಲ್ಲಿರುವ ಕ್ಯಾಮರಾ ಎಂಬುದು ನಾನು ಕಣ್ಣಾರೆ ಕಂಡದ್ದು. ಒಂದು ಧರಣಿಯ ದಿನ ನಮ್ಮವರಲ್ಲೊಬ್ಬರು ಉತ್ಸಾಹದಲ್ಲಿ ಫೋಟೋ ತೆಗೆದು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದರು. "ನಮ್ಮ ಕನ್ನಡದ ಹುಡುಗರು ಮುಂಚೂಣಿಯಲ್ಲಿ" ಎಂಬ ಸಾಲು ಬೇರೆ. ಮೂರನೇ ಸಾಲಿನಲ್ಲಿ ಕೂತಿದ್ದವನು ಒಂದು ಹೋಟೆಲಿನ ಸಪ್ಲಾಯರ್. ಮಧ್ಯಾಹ್ನದ ಗಿರಾಕಿ ಮುಗಿದ ಮೇಲೆ, ಸಂಜೆಯ ಪಾಳಿಗೆ ಮೊದಲು ಸಿಗುವ ಎರಡು ಗಂಟೆ ನಿದ್ದೆ ಬಿಟ್ಟು, ತನ್ನ ಊರಿನ ಗೆಳೆಯರಿಗೋಸ್ಕರ ಬಂದು ಕೂತಿದ್ದ. ಫೋಟೋ ಒಂದು ಗುಂಪಿನಿಂದ ಇನ್ನೊಂದಕ್ಕೆ, ಅಲ್ಲಿಂದ ಊರಿನ ಗುಂಪಿಗೆ, ಸಂಜೆಯ ಹೊತ್ತಿಗೆ ಅವನ ಧಣಿಯ ಫೋನಿಗೆ ಹೋಗಿತ್ತು. ಆ ರಾತ್ರಿ ಅವನ ಟ್ರಂಕು ಹೋಟೆಲಿನ ಹಿಂಬಾಗಿಲ ಹೊರಗಿತ್ತು. ಹತ್ತಿರದಿಂದ ನೋಡಿದೆ ಆ ಟ್ರಂಕನ್ನು. ಮುಚ್ಚಳದ ಒಳಬದಿಗೆ ಊರಿನ ದೇವಸ್ಥಾನದ ಕ್ಯಾಲೆಂಡರಿನ ಹಾಳೆ ಅಂಟಿಸಿದ್ದ, ಮೇಲೆ ಮಡಚಿಟ್ಟ ಯೂನಿಫಾರ್ಮಿನ ಷರಟು, ಒದ್ದೆ ಟವೆಲು. ಪೊಲೀಸರು ಅವನನ್ನು ಮುಟ್ಟಿರಲಿಲ್ಲ, ಹೆಸರೂ ಕೇಳಿರಲಿಲ್ಲ. ಅವನನ್ನು ಬೀದಿಗೆ ತಂದದ್ದು ಪ್ರೀತಿಯಿಂದ ತೆಗೆದ ಫೋಟೋ.

ಹೊರಗಿನವರ ಕೈಗೆ ಸಿಕ್ಕರೆ ಇನ್ನೂ ದೂರ ಹೋಗುತ್ತದೆ. 2020ರ ಜನವರಿಯಲ್ಲಿ ಗೇಟ್‌ವೇ ಆಫ್ ಇಂಡಿಯಾದ ಬಳಿ ರಾತ್ರಿಯಿಡೀ ಜನ ಕೂತಿದ್ದಾಗ ಒಬ್ಬಾಕೆ ಹಿಡಿದಿದ್ದ ಒಂದು ಫಲಕದ ಚಿತ್ರ ದೇಶವಿಡೀ ಹರಡಿ ಆಕೆಯ ಮೇಲೆ ಪ್ರಕರಣ ದಾಖಲಾಯಿತು. ಹಿಡಿದವರ ಉದ್ದೇಶ ಏನು, ಯಾವ ಸಂದರ್ಭ ಎಂಬುದನ್ನೆಲ್ಲ ಚಿತ್ರ ಹೊತ್ತೊಯ್ಯುವುದಿಲ್ಲ.

ಫೋಟೋ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಲಾಠಿ ಬೀಸಿದ್ದಕ್ಕೆ, ದೌರ್ಜನ್ಯ ನಡೆದದ್ದಕ್ಕೆ ವಿಡಿಯೋ ಒಂದೇ ಸಾಕ್ಷಿಯಾಗಿರುವ ಸಂದರ್ಭಗಳಿವೆ. ಸಾರ್ವಜನಿಕ ಜಾಗದಲ್ಲಿ ಕರ್ತವ್ಯದಲ್ಲಿರುವ ಪೊಲೀಸರನ್ನು, ಅವರ ಕೆಲಸಕ್ಕೆ ಅಡ್ಡಿಯಾಗದೆ ಚಿತ್ರಿಸುವುದರಲ್ಲಿ ತಪ್ಪಿಲ್ಲ. ಆದರೆ ತೆಗೆಯುವುದು ಒಂದು, ಹಂಚುವುದು ಇನ್ನೊಂದು. ಹಂಚುವ ಮೊದಲು ಮುಖಗಳ ಮೇಲೆ ದಪ್ಪ ಬಣ್ಣದ ಚೌಕ ಹಾಕಬೇಕು. ಚುಕ್ಕಿಚುಕ್ಕಿಯಾಗಿ ಮಸುಕು ಮಾಡಿದ್ದನ್ನು ಯಂತ್ರಗಳು ಕೆಲವೊಮ್ಮೆ ಬಿಡಿಸಬಲ್ಲವು. ಕೈಯ ಹಚ್ಚೆ, ಕೊರಳಲ್ಲಿ ನೇತಾಡುವ ಐಡಿ ಕಾರ್ಡು, ಯೂನಿಫಾರ್ಮು, ಬೈಕಿನ ನಂಬರು ಇವೂ ಮುಖದಷ್ಟೇ ಹೇಳುತ್ತವೆ. ಫೋನು ತೆಗೆದ ಚಿತ್ರದೊಳಗೆ ಹೊತ್ತು, ಜಾಗ ಅಡಗಿರುತ್ತದೆ. ಅದನ್ನು ವಾಟ್ಸಾಪಿನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದರೆ ಆ ಮಾಹಿತಿ ಉದುರುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿದರೆ ಹಾಗೇ ಹೋಗುತ್ತದೆ. ಚಿತ್ರದ ಸ್ಕ್ರೀನ್‌ಶಾಟ್ ತೆಗೆದು ಅದನ್ನು ಕಳಿಸುವುದು ಸುಲಭದ ದಾರಿ. ಲೈವ್ ವಿಡಿಯೋ ಮಾತ್ರ ಮಾಡಲೇಬಾರದು ಎಂಬುದು ನನ್ನ ಹಟ. ಅದರಲ್ಲಿ ಮುಚ್ಚಲು ಪುರುಸೊತ್ತೇ ಇಲ್ಲ. ಅಷ್ಟಕ್ಕೂ ಮುಖವಿಲ್ಲದೆಯೂ ಚಿತ್ರ ಮಾತಾಡುತ್ತದೆ. 2018ರ ಆ ರೈತರ ನಡಿಗೆಯಲ್ಲಿ ದೇಶದ ಕರುಳು ಚುರ್ ಎನಿಸಿದ್ದು ಅವರ ಬಿರಿದ, ರಕ್ತ ಜಿನುಗುವ ಪಾದಗಳ ಚಿತ್ರಗಳಿಂದ. ಆ ಪಾದಗಳು ಯಾರದ್ದೆಂದು ಕೇಳುವ ಅಗತ್ಯ ನಮಗಾರಿಗೂ ಬೀಳಲಿಲ್ಲ.

ಮುಖಕ್ಕೆ ಮಾಸ್ಕ್ ಹಾಕಬೇಕೇ ಎಂದು ಕೇಳುವವರಿಗೆ ಟೋಪಿ, ಧೂಳಿಗೆ ಹಾಕುವ ಮಾಮೂಲಿ ಮಾಸ್ಕ್ ಸಾಕು ಎನ್ನುತ್ತೇನೆ. ಪೊಲೀಸರು ತೆಗೆಯಿರಿ ಎಂದರೆ ತೆಗೆಯುವುದು. ಪೂರ್ತಿ ಮುಖ ಮುಚ್ಚಿ ಕಪ್ಪು ಬಟ್ಟೆ ಕಟ್ಟಿಕೊಂಡವನ ಮೇಲೆ ಎಲ್ಲರ ಕಣ್ಣೂ ಬೀಳುತ್ತದೆ. ಎದ್ದು ಕಾಣದ ಬಣ್ಣದ ಬಟ್ಟೆ, ಚಪ್ಪಲಿಯ ಬದಲು ಓಡಲು ಬರುವ ಶೂ, ನೀರಿನ ಬಾಟಲಿ, ದಿನದ ಮಾತ್ರೆ. ಕಣ್ಣಿಗೆ ಲೆನ್ಸ್ ಹಾಕುವವರು ಆ ದಿನ ಕನ್ನಡಕ ಹಾಕಲಿ. ಅಶ್ರುವಾಯು ಬಂದರೆ ಲೆನ್ಸಿನ ಅಡಿ ಸಿಕ್ಕಿ ಕಣ್ಣು ಬೇಯುತ್ತದೆ. ಗಾಳಿ ಬರುವ ದಿಕ್ಕಿಗೆ ಸರಿದು ತಣ್ಣೀರಿನಲ್ಲಿ ತೊಳೆಯಬೇಕು, ಉಜ್ಜಬಾರದು.

ಜನಸಂದಣಿಯ ಪಾಠ ಮುಂಬಯಿಯವರಿಗೆ ಬೇರೆಯವರು ಕಲಿಸಬೇಕಾಗಿಲ್ಲ. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಸೇತುವೆಯ ಮೇಲೆ 23 ಜನ ಉಸಿರುಗಟ್ಟಿ ಸತ್ತರು. ಅಲ್ಲಿ ಲಾಠಿ ಇರಲಿಲ್ಲ, ಗುಂಡು ಇರಲಿಲ್ಲ, ಮಳೆಯಿತ್ತು ಮತ್ತು ಇಕ್ಕಟ್ಟಿತ್ತು. ಕೈಗಳನ್ನು ಎದೆಯ ಮುಂದೆ ಮಡಚಿ ಉಸಿರಿಗೆ ಜಾಗ ಮಾಡಿಕೊಳ್ಳಿ, ನೂಕಿಗೆ ಎದುರು ನಿಲ್ಲದೆ ಓರೆಯಾಗಿ ಅಂಚಿಗೆ ಸರಿಯಿರಿ, ಚಪ್ಪಲಿ ಬಿದ್ದರೂ ಫೋನು ಬಿದ್ದರೂ ಬಗ್ಗಬೇಡಿ. ಮೈದಾನಕ್ಕೆ ಹೋದ ಕೂಡಲೇ ಹೊರಹೋಗುವ ಎರಡು ದಾರಿ ನೋಡಿಟ್ಟುಕೊಳ್ಳಬೇಕು. ಸಿಎಸ್‌ಎಂಟಿ ಕಡೆ ಮುಚ್ಚಿದರೆ ಮೆಟ್ರೋ ಸಿನೆಮಾದ ಕಡೆ, ಅದೂ ಆಗದಿದ್ದರೆ ಎಂಜಿ ರೋಡಿನ ಫ್ಯಾಷನ್ ಸ್ಟ್ರೀಟ್ ಹಿಡಿದು ಚರ್ಚ್‌ಗೇಟಿಗೆ.

ಕಾನೂನಿನ ಮಾತು ಬಂದಾಗ ಹುಡುಗನ ಮುಖ ಸ್ವಲ್ಪ ಬಿಳಿಚಿಕೊಂಡಿತು. ಶಾಂತವಾಗಿ, ಆಯುಧವಿಲ್ಲದೆ ಸೇರುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿದೆ. ಅದಕ್ಕೆ ಮಿತಿಗಳೂ ಇವೆ. ಹಳೆಯ 144ನೇ ಸೆಕ್ಷನ್ ಈಗ ನಾಗರಿಕ ಸುರಕ್ಷಾ ಸಂಹಿತೆಯ 163 ಆಗಿದೆ. ಮುಂಬಯಿಯಲ್ಲಿ ಅದಕ್ಕಿಂತ ಹೆಚ್ಚಾಗಿ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಸೆಕ್ಷನ್ ಹಿಡಿದು ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಬಾರದೆಂಬ ಆದೇಶ ಮತ್ತೆ ಮತ್ತೆ ಹೊರಡುತ್ತಿರುತ್ತದೆ. ಆದ್ದರಿಂದ ಹೊರಡುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆ, ಈ ಸಭೆಗೆ ಪರವಾನಗಿ ಇದೆಯೇ, ಅದರ ಪ್ರತಿ ಯಾರ ಹತ್ತಿರ ಇದೆ?

ವ್ಯಾನಿಗೆ ಹತ್ತಿಸಿದರೆ? ಬಹಳ ಸಲ ಹೆಸರು ವಿಳಾಸ ಬರೆದುಕೊಂಡು ಸಂಜೆಗೆ ಬಿಡುತ್ತಾರೆ. ಹೆಸರು, ವಿಳಾಸ ಸುಳ್ಳು ಹೇಳಬಾರದು, ಅದೇ ಬಂಧನಕ್ಕೆ ಕಾರಣವಾಗಬಹುದು. ಅದಕ್ಕಿಂತ ಹೆಚ್ಚು, ಜತೆಗೆ ಯಾರಿದ್ದರು, ಕರೆದವರು ಯಾರು ಎಂಬುದನ್ನು ವಕೀಲರು ಬರುವವರೆಗೆ ಹೇಳಬೇಕಾಗಿಲ್ಲ. ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೋ ಗೆಳೆಯರಿಗೋ ಸುದ್ದಿ ಕೊಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಹೆಣ್ಣುಮಕ್ಕಳನ್ನು ಅಪವಾದದ ಸಂದರ್ಭ ಬಿಟ್ಟು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬಂಧಿಸುವಂತಿಲ್ಲ, ಆಗಲೂ ಮ್ಯಾಜಿಸ್ಟ್ರೇಟರ ಅನುಮತಿಯೊಂದಿಗೆ ಮಹಿಳಾ ಅಧಿಕಾರಿಯೇ ಬರಬೇಕು. ಉಚಿತ ಕಾನೂನು ನೆರವಿನ ನಂಬರು 15100. ಫೋನು ಕೈತಪ್ಪಿದರೆ ಇರಲಿ ಅಂತ ಆ ನಂಬರನ್ನೂ ಒಬ್ಬ ವಕೀಲರ ನಂಬರನ್ನೂ ಮುಂಗೈ ಮೇಲೆ ಪೆನ್ನಿನಲ್ಲಿ ಬರೆಸಿದೆ.

ನಮ್ಮವರಿಗೆ ಇದರಲ್ಲಿ ಇನ್ನೊಂದು ಕಷ್ಟವಿದೆ. ಇಲ್ಲಿನ ಠಾಣೆಯ ಕಾಗದಪತ್ರ ಮರಾಠಿಯಲ್ಲಿ. ಕುಂದಾಪುರದಿಂದಲೋ ವಿಜಯಪುರ ಜಿಲ್ಲೆಯ ಇಂಡಿಯಿಂದಲೋ ಬಂದು ಹತ್ತು ವರ್ಷವಾದರೂ ಮಾತಾಡಲು ಬಂದೀತು, ಓದಲು ಎಲ್ಲರಿಗೂ ಬರುವುದಿಲ್ಲ. ಓದಲಾಗದ ಕಾಗದಕ್ಕೆ ಸಹಿ ಹಾಕಿ ಮನೆಗೆ ಬಂದವರನ್ನು ಕಂಡಿದ್ದೇನೆ. ಪೊಲೀಸರ ಮುಂದೆ ಸಾಕ್ಷಿಯಾಗಿ ಕೊಟ್ಟ ಹೇಳಿಕೆಗೆ ಸಹಿ ಬೇಕಾಗಿಯೇ ಇಲ್ಲ ಎನ್ನುತ್ತದೆ ಕಾನೂನು. ಬಂಧನದ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ, ಬರಹದಲ್ಲಿ ಕೊಡಬೇಕೆಂದು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು, ಅದೂ ಮುಂಬಯಿಯ ವರ್ಲಿಯ ಒಂದು ಅಪಘಾತದ ಪ್ರಕರಣದಲ್ಲಿ. ತಕ್ಷಣ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಒಯ್ಯುವ ಎರಡು ಗಂಟೆ ಮೊದಲಾದರೂ ಕೊಡಬೇಕು. ಪರಊರಿನಲ್ಲಿ ದುಡಿಯುವ ಪ್ರತಿ ಕನ್ನಡಿಗನೂ ಇದನ್ನು ಬಾಯಿಪಾಠ ಮಾಡಿಕೊಳ್ಳಬೇಕು.

ಪಾಸ್‌ಪೋರ್ಟಿನ ಹೆದರಿಕೆ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕ್ರಿಮಿನಲ್ ಕೋರ್ಟಿನಲ್ಲಿ ಮೊಕದ್ದಮೆ ಬಾಕಿಯಿದ್ದರೆ ಪಾಸ್‌ಪೋರ್ಟ್ ನಿರಾಕರಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಧರಣಿಯಲ್ಲಿ ಕೂತಿದ್ದೇ ಮೊಕದ್ದಮೆಯಲ್ಲ. ಆದರೆ 2019ರ ಅಕ್ಟೋಬರಿನಲ್ಲಿ ಮುಂಬಯಿಯ ಆರೆ ಕಾಲೊನಿಯ ಮರಗಳನ್ನು ಉಳಿಸಲು ಹೋದ 29 ಜನರನ್ನು ಬಂಧಿಸಿದಾಗ ಅವರಲ್ಲಿ ವಿದ್ಯಾರ್ಥಿಗಳಿದ್ದರು. ಸರ್ಕಾರ ಬದಲಾಗಿ ಪ್ರಕರಣ ಹಿಂತೆಗೆಯುವ ಘೋಷಣೆ ಆಗುವವರೆಗೆ ಆ ಮಕ್ಕಳ ಮನೆಯವರು ಹೇಗೆ ದಿನ ದೂಡಿರಬೇಡ. 2022ರ ಗುರುತು ಕಾಯ್ದೆಯಂತೆ ಬಂಧಿತರ ಬೆರಳಚ್ಚು, ಕಣ್ಣಿನ ಪಾಪೆ, ಫೋಟೋಗಳನ್ನು 75 ವರ್ಷ ಇಟ್ಟುಕೊಳ್ಳಬಹುದು. ಬಿಡುಗಡೆಯಾದರೆ, ನಿರ್ದೋಷಿ ಎಂದಾದರೆ ಅಳಿಸಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಅಳಿಸಿದ್ದಾರೋ ಇಲ್ಲವೋ ಎಂದು ಅರ್ಜಿ ಹಾಕಿ ಕೇಳುವವರು ಬೇಕು.

ಮನೆಗೆ ಬಂದ ಮೇಲೆ ಮಾಡಬೇಕಾದ ಕೆಲಸಗಳೂ ಇವೆ. ಜತೆಗೆ ಹೋದ ಎಲ್ಲರೂ ತಲುಪಿದರೇ ಎಂದು ಒಬ್ಬೊಬ್ಬರನ್ನೇ ವಿಚಾರಿಸುವುದು ಮೊದಲನೆಯದು. ಯಾರಾದರೂ ಠಾಣೆಯಲ್ಲಿದ್ದರೆ ಇಬ್ಬರು ಹೋಗಿ ಗೇಟಿನ ಬಳಿ ನಿಲ್ಲಬೇಕು. ಹೊರಗೆ ಕಾಯುವವರಿದ್ದಾರೆಂದು ಒಳಗೆ ಗೊತ್ತಿದ್ದರೆ ನಡವಳಿಕೆಯೇ ಬೇರೆಯಾಗುತ್ತದೆ. ಪೆಟ್ಟಾಗಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಗಾಯವನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು. ಫೋನು ಖಾಲಿ ಮಾಡುವ ಕೆಲಸ ಹಿಂದಿನ ರಾತ್ರಿಯದ್ದು, ಮರುದಿನದ್ದಲ್ಲ. ನೋಟಿಸ್ ಬಂದ ಮೇಲೆ ಅಳಿಸಲು ಕೂತರೆ ಸಾಕ್ಷ್ಯ ನಾಶದ ಆಪಾದನೆ ಬೇರೆ ಹೊರಬೇಕಾಗುತ್ತದೆ. ಆಗ ಏನೂ ಮುಟ್ಟದೆ ವಕೀಲರನ್ನು ಕಾಣುವುದೇ ಸರಿ.

ಅಕ್ಕನ ಮಗ ಆವತ್ತು ಸಂಜೆಯ ಸ್ಲೋ ಗಾಡಿಯಲ್ಲೇ ವಾಪಸಾದ. ಸಂಬಳದ ಬಾಕಿ ಅರ್ಧ ಬಂದಿದೆ, ಉಳಿದರ್ಧಕ್ಕೆ ಅವರ ಜಗ್ಗಾಟ ನಡೆದಿದೆ. ಟ್ರಂಕಿನ ಹುಡುಗನಿಗೆ ಸಂಘದವರು ಮಾತಾಡಿ ಥಾಣೆ ಊರಿನ ಕಡೆ ಒಂದು ಖಾನಾವಳಿಯಲ್ಲಿ ಕೆಲಸ ಕೊಡಿಸಿದರು, ಸಂಬಳ ಮೊದಲಿಗಿಂತ ಕಮ್ಮಿ. ಫೋಟೋ ತೆಗೆದವರು ಅವನ ಹತ್ತಿರ ಹೋಗಿ ಕ್ಷಮೆ ಕೇಳಿದರು. ಸಂಘದ ಗುಂಪಿನಲ್ಲಿ ಈಗ ಒಂದು ಕಟ್ಟಳೆಯಿದೆ. ಧರಣಿ, ಮೋರ್ಚಾದ ಚಿತ್ರ ಹಾಕುವವರು ಅದರಲ್ಲಿರುವ ಪ್ರತಿಯೊಬ್ಬರನ್ನೂ ಮೊದಲು ಕೇಳಬೇಕು, ಕೇಳಲಾಗದಿದ್ದರೆ ಬೆನ್ನ ಹಿಂದಿನಿಂದ ತೆಗೆದದ್ದನ್ನೇ ಹಾಕಬೇಕು. ಆ ಕಟ್ಟಳೆಯನ್ನು ತಮ್ಮ ಕೈಯಲ್ಲಿ ಬರೆದು ಕಾರ್ಯದರ್ಶಿಗೆ ಕೊಟ್ಟವರು ಜಾರ್ಜ್ ಅವರ ಅಭಿಮಾನಿಯಾದ ಆ ಹಿರಿಯರೇ.